ಹೆತ್ತವಳ ಬಳೆ

“ಬಳಿ ಕೊಡು, ನೀಲಾ,” ಎಂದು ಗೌರಾಬಾಯಿ ಸೊಸೆಯ ಮುಂದೆ ಕೈ ಚಾಚಿದಳು. ಶೆಗಡಿಯಲ್ಲಿ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಜ್ವರದ ಕೂಸಿನ ಹೊಟ್ಟೆಗೆ ಬರೆ ಹಾಕಬೇಕೆಂದರೆ ಹೆತ್ತವಳ ಕೈಯ ಬಳೆಯ ಚೂರನ್ನೇ ಕಾಯಿಸಬೇಕು. ಟಿಕೋಟದಲ್ಲಿ ಅದು ಎಲ್ಲರೂ ಬಲ್ಲ ಮದ್ದು. ವಿಧವೆ ಅತ್ತೆಯ ಕೈಯಲ್ಲಂತೂ ಬಳೆಯಿರಲಿಲ್ಲ. ಮಹಾಯುದ್ಧದ ಆ ವರ್ಷಗಳಲ್ಲಿ ಬಳೆಗಾರನೂ ಊರಿಗೆ ಅಪರೂಪವಾಗಿದ್ದ.

ನೀಲಾಬಾಯಿ ಸೆರಗಿನೊಳಗಿದ್ದ ಕೈಗಳನ್ನು ತೆಗೆಯಲಿಲ್ಲ. ಮೊದಲನೆಯ ಮಗನಿಗೂ ಅವಳು ಬಳೆ ಕೊಟ್ಟಿದ್ದಳು, ಹಸಿರಿನದು, ತಾನೇ ಒಡೆದು. ಮಣ್ಣಿಗೆ ಕಳಿಸುವ ಮುಂಚೆ ಮೈ ತೊಳೆದಾಗ ಆ ಪುಟ್ಟ ಹೊಟ್ಟೆಯ ಮೇಲಿನ ಬರೆಗಳು ಇನ್ನೂ ಹಸಿಯಾಗಿದ್ದವು. ಅಂದಿನಿಂದ ರೊಟ್ಟಿ ಬಡಿಯುವಾಗ ಬಳೆ ಕಿಣಿ ಎಂದರೂ ಸಾಕು, ಎಲ್ಲೋ ಅವನು ಅತ್ತಂತಾಗುತ್ತಿತ್ತು.

“ಏನ ಯೋಚನಿ ಮಾಡಾಕತ್ತಿ? ಕೆಂಡ ಆರತೈತಿ.”

ನೀಲಾಬಾಯಿ ಕೈ ಹೊರಗೆ ಚಾಚಿದಳು. ಎರಡೂ ಬೋಳು. “ಬಾವ್ಯಾಗ ಒಗದ ಬಂದೇನ್ರಿ, ಅತ್ತಿ. ಅವರು ಚಕ್ಕಡಿ ಹೂಡಾಕತ್ತಾರ. ಕೂಸಿನ್ನ ಇಜಾಪುರದ ದವಾಖಾನಿಗೆ ಒಯ್ತೀವಿ.”

“ಗಂಡ ಇರೂ ಹೆಣ್ಮಗಳು ನೀ…” ಎಂದಳು ಗೌರಾಬಾಯಿ. ಆ ಕೈಗಳನ್ನು, ಆಮೇಲೆ ತನ್ನವನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ತಂಬಿಗೆ ಎತ್ತಿ ಕೆಂಡದ ಮೇಲೆ ನೀರು ಸುರಿದಳು.

ಚುಂಯ್ ಎಂದಿತು. ಆ ಸದ್ದನ್ನು ಇಬ್ಬರೂ ಹಿಂದೊಮ್ಮೆ ಬರೆ ಹಾಕುವಾಗ ಕೇಳಿದ್ದರು. ಕೂಸು ಮಲಗಿಯೇ ಇತ್ತು. ಆದರೂ ಇಬ್ಬರ ಬೋಳು ಕೈಗಳೂ ಒಮ್ಮೆಲೇ ಹೋಗಿ ಅದರ ಹೊಟ್ಟೆಯನ್ನು ಮುಚ್ಚಿದವು.