ಬೆಕ್ಕಿಗೆ ಹೇಳಿದ ಮಾತು

ಬಿಡದೆ ಸುರಿದ ಮಳೆಗೆ ಹಿತ್ತಿಲಲ್ಲಿ ಅಣಬೆ ಎದ್ದಿದ್ದವು. ಕೊಳೆತ ಸೌದೆ ರಾಶಿಯ ಬುಡದಲ್ಲಿ, ಬೆಳ್ಳಗೆ, ತಟ್ಟೆಯಗಲ. ಕಿರಿಯ ಓರಗಿತ್ತಿ ಅವನ್ನು ಕಿತ್ತು ಮೊರಕ್ಕೆ ಹಾಕಿಕೊಳ್ಳುವುದನ್ನು ಹಿರಿಯವಳು ತನ್ನ ಹಿಂಬಾಗಿಲಲ್ಲಿ ನಿಂತು ನೋಡಿದಳು. ಮೊರದಲ್ಲಿ ಅಂಗಾತ ಬಿದ್ದ ಒಂದರ ಒಳಮೈ ಹಸಿರಿಗೆ ತಿರುಗಿತ್ತು. ತವರಿನಲ್ಲಿ ಇಂಥದ್ದನ್ನೇ ತಿಂದು ಚಿಕ್ಕಪ್ಪ ಒದ್ದಾಡಿ ಸತ್ತದ್ದನ್ನು ಹಿರಿಯವಳು ಕಣ್ಣಾರೆ ಕಂಡಿದ್ದಳು.

ಕೂಗಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು. ಮನೆ ಪಾಲಾದಾಗ ಬಟ್ಟೆ ಒಗೆಯುವ ಕಲ್ಲು ಕಿರಿಯವಳ ಕಡೆಗೆ ಹೋಯಿತು; ಅಷ್ಟಕ್ಕೇ ಮುಖ ತಿರುಗಿಸಿದವರು ಇನ್ನೂ ತಿರುಗಿಸಿಕೊಂಡೇ ಇದ್ದರು. ಹಿತ್ತಿಲ ನಡುವೆ ಇಟ್ಟಿಗೆಯ ಸಾಲೊಂದು ಬಂತು. ಆ ಸಾಲಿನ ಮೇಲಿನ ಕಳೆ ಕೀಳುವುದು ಯಾರ ಕೆಲಸವೆಂದು ತೀರ್ಮಾನವಾಗದೆ, ತುರಿಕೆಗಿಡವೂ ಮುಳ್ಳುಬಳ್ಳಿಯೂ ಸೊಂಟದೆತ್ತರ ಬೆಳೆದು ಹಾಯಾಗಿದ್ದವು. ಮೊದಲು ಅವಳೇ ಬಾಯಿ ಬಿಡಲಿ ಎಂಬುದು ಹಿರಿಯವಳ ಹಟ. ಕಿರಿಯವಳದ್ದೂ ಅದೇ. ಹೇಳಲೇಬೇಕಾದದ್ದಿದ್ದರೆ ಬೆಕ್ಕಿಗೋ ಪೊರಕೆಗೋ ಹೇಳುತ್ತಿದ್ದರು, ಆ ಕಡೆಗೆ ಕೇಳುವಂತೆ.

ಈಗಲೂ ಹಿರಿಯವಳು ಕಾಲ ಬಳಿಯಿದ್ದ ಬೆಕ್ಕನ್ನೇ ಹಿಡಿದಳು. "ನೋಡೇ, ಕಂಡಕಂಡ ಅಣಬೆಗೆಲ್ಲ ಬಾಯಿ ಹಾಕ್ಬೇಡ. ಒಳಗೆ ಹಸಿರಿದ್ರೆ ಅದು ವಿಷ. ಜೀವಾನೇ ಹೋಗುತ್ತೆ."

ಕಿರಿಯವಳ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಅವಳು ಬಾಗಿಲ ಮೂಲೆಯ ಪೊರಕೆಯತ್ತ ತಿರುಗಿದಳು. "ಕೇಳಿದ್ಯಾ? ಕಲ್ಲಿಗೆ ಹೊಟ್ಟೆ ಉರ್ಕೊಂಡಿದ್ದಾಯ್ತು, ಈಗ ಅಣಬೆಗೂ ಶುರುವಾಯ್ತು. ನಮ್ಮ ಕಡೆ ಏನು ಬೆಳೆದ್ರೂ ಕೆಲವರ ಕಣ್ಣಿಗೆ ವಿಷಾನೇ!"

"ಒಳ್ಳೇದಕ್ಕೆ ಕಾಲ ಇಲ್ಲ ಬಿಡು" ಎಂದು ಬೆಕ್ಕಿಗೆ ಹೇಳಿ ಹಿರಿಯವಳು ಪಟಾರನೆ ಬಾಗಿಲು ಹಾಕಿಕೊಂಡಳು.

ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಬೆಳ್ಳುಳ್ಳಿ ಹುರಿಯುವ ವಾಸನೆ ಬಂತು. ಬೇರೆ ಏನೋ ಮಾಡುತ್ತಿರಬೇಕು, ಅಣಬೆ ಎಸೆದಿರುತ್ತಾಳೆ, ಅವಳೇನು ದಡ್ಡಿಯೇ ಎಂದು ತನಗೇ ಸಮಾಧಾನ ಹೇಳಿಕೊಂಡಳು. ಆದರೂ ಮನಸ್ಸು ತಡೆಯಲಿಲ್ಲ. ಆ ಮನೆಯಲ್ಲಿ ಕಿರಿಯವಳ ಮಗಳು ಪುಟ್ಟಿ ಇದ್ದಳು. ದೊಡ್ಡವರ ಜಗಳ ತನಗೆ ಸಂಬಂಧವೇ ಇಲ್ಲವೆಂಬಂತೆ ಇಟ್ಟಿಗೆ ದಾಟಿ ಬಂದು, "ದೊಡ್ಡಮ್ಮಾ, ಬೆಲ್ಲ" ಎಂದು ಕೈಯೊಡ್ಡುವ ಹುಡುಗಿ. ಹಿರಿಯವಳು ಕಳೆಯ ಅಂಚಿನವರೆಗೂ ಹೋದಳು. ಒಳಗೆ ಪುಟ್ಟಿ ಕಿಲಕಿಲ ನಗುತ್ತಿದ್ದಳು. ನಗುತ್ತಿದ್ದಾಳಲ್ಲ, ಏನೂ ಆಗಿಲ್ಲ ಎಂದುಕೊಂಡು ಹಾಗೇ ವಾಪಸಾದಳು.

ಹೊತ್ತು ಮುಳುಗುವಾಗ ಯಾರೋ ಹಿಂಬಾಗಿಲು ದಬದಬ ಬಡಿದರು. ತೆರೆದರೆ ಕಿರಿಯವಳು. ಮುಳ್ಳು ಗೀರಿ ಕಾಲೆಲ್ಲ ರಕ್ತ. ಹೆಗಲ ಮೇಲೆ ಪುಟ್ಟಿ, ಕೈಗಳು ಜೋತುಬಿದ್ದಿದ್ದವು.

"ಅಕ್ಕಾ... ಅಣಬೆ ಮೊದ್ಲು ಇವಳಿಗೇ ಬಡಿಸಿದ್ದೆ... ನಾನಿನ್ನೂ ತಿಂದಿರ್ಲಿಲ್ಲ... ವಾಂತಿ ಮಾಡಿ ಮಾಡಿ ಸುಸ್ತಾದ್ಲು ಅಕ್ಕಾ... ಈಗ ಕಣ್ಣೇ ಬಿಡ್ತಿಲ್ಲ."

ಕೊನೆಗೂ ಮೊದಲು ಮಾತಾಡಿದವಳು ಕಿರಿಯವಳೇ. ಹಿರಿಯವಳು ಮಗುವನ್ನು ಬಾಚಿಕೊಂಡಳು. ಆ ಮೈ ಆಗಲೇ ತಣ್ಣಗಾಗಿತ್ತು. ಕಿರಿಯವಳು ಹೊಸಿಲ ಮೇಲೆ ಕುಸಿದಳು.

"ಬೆಕ್ಕಿಗ್ಯಾಕೆ ಹೇಳಿದ್ರಿ ಅಕ್ಕಾ? ನನಗೇ ಒಂದು ಮಾತು ಹೇಳ್ಬಾರದಿತ್ತಾ?"