ಹನ್ನೆರಡನೇ ಕಲ್ಲು

"ಮೇಡಂ, ಇದರಾಗೆ ಒಂದು ತಪ್ಪಾಗೈತೆ," ಎಂದು ಓಂಕಾರ್ ಹೊಸ ಪುಸ್ತಕವನ್ನು ಗಂಗೋತ್ರಿ ಮೇಡಂ ಮುಂದೆ ಹಿಡಿದ. ನ್ಯಾಮತಿಯ ಸಭಾಂಗಣದಲ್ಲಿ ಕುರ್ಚಿಗಳು ತುಂಬುತ್ತಿದ್ದವು. ಕಳೆದ ತಿಂಗಳು ತೀರಿಕೊಂಡ ಪ್ರೊಫೆಸರ್ ಜಯದೇವಪ್ಪನವರ ನೆನಪಿಗೆ ಇತಿಹಾಸ ಅಧ್ಯಾಪಕರ ಬಳಗ ಸಭೆ ಕರೆದಿತ್ತು. ಅವರ ಕೊನೆಯ ಲೇಖನಗಳ ಪುಸ್ತಕ ಅವತ್ತೇ ಬಿಡುಗಡೆ. ಜಗಳೂರು ಸೀಮೆಯ ಹನ್ನೆರಡು ವೀರಗಲ್ಲುಗಳ ಮೇಲಿನ ಲೇಖನಕ್ಕೆ ಎರಡು ಹೆಸರುಗಳಿದ್ದವು: ಜಯದೇವಪ್ಪ, ಓಂಕಾರ್.

"ಏನು ತಪ್ಪು?"

"ನನ್ನ ಹೆಸರು. ನಾನು ಹೊನ್ನಾಳಿ ಕಾಲೇಜಿನ ಲೈಬ್ರರಿ ಅಟೆಂಡರು ಮೇಡಂ. ಒಂದಕ್ಷರನೂ ಬರೆದಿಲ್ಲ."

ಪುಸ್ತಕದ ಕರಡು ತಿದ್ದಿದವರು ಗಂಗೋತ್ರಿ ಮೇಡಂ. ಅವರು ನಕ್ಕರು. "ಸಾರ್ ಕೈಬರಹದಾಗೇ ನಿಮ್ಮ ಹೆಸರೈತೆ. ಸಾರ್ ಜೊತೆ ಒಂದು ಲೇಖನದಾಗೆ ಹೆಸರು ಬರಲಿ ಅಂತ ನಾವೆಲ್ಲ ಎಷ್ಟು ವರ್ಷ ಕಾದ್ವಿ. ನೀವು ಬ್ಯಾಡ ಅಂತೀರಲ್ರೀ!"

ಪಕ್ಕದಲ್ಲಿದ್ದ ಚನ್ನಗಿರಿಯ ಜಯಪ್ಪ ಮೇಷ್ಟ್ರು ಓಂಕಾರನ ಬೆನ್ನು ತಟ್ಟಿದರು. "ಸಂಜೆ ಕಾಲೇಜಿನಾಗೆ ಬಿ.ಎ. ಮಾಡಿದ್ದು ಸಾರ್ಥಕ ಆತು ಬಿಡಪ್ಪ. ನಾಳೆಯಿಂದ ಪುಸ್ತಕದ ಧೂಳು ನಾವು ಹೊಡೀತೀವಿ, ನೀನು ಕೂತ್ಕಂಡು ಓದು."

"ಲೇಖನದ ಬಗ್ಗೆ ನೀವೇ ನಾಲ್ಕು ಮಾತು ಆಡ್ಬೇಕು. ಪಟ್ಟಿಯಾಗೆ ಹಾಕೀನಿ," ಎಂದು ಮೇಡಂ ವೇದಿಕೆಯ ಕಡೆ ನಡೆದರು.

ಓಂಕಾರ್ ಕೊನೆಯ ಸಾಲಿಗೆ ಹೋಗಿ ಕೂತ. ನಾಲ್ಕು ವರ್ಷದ ಹಿಂದೆ ಸಾರ್ ಜೊತೆ ಜಗಳೂರಿಗೆ ಹೋದದ್ದು ನಿಜ. ಟೇಪಿನ ಒಂದು ತುದಿ ಹಿಡಿದದ್ದು, ಸಾರ್ ಹೇಳಿದ ಅಳತೆ ಬರೆದುಕೊಂಡದ್ದು ಅಷ್ಟೇ ಅವನ ಕೆಲಸ. ಎರಡನೇ ದಿನ ಮಧ್ಯಾಹ್ನ ಸಾರ್‌ಗೆ ಸಕ್ಕರೆ ಇಳಿದು ತಲೆ ಸುತ್ತಿತು. ಬೇವಿನ ಮರದ ಕೆಳಗೆ ಕೂತು, "ಉಳಿದ ನಾಲ್ಕು ಕಲ್ಲು ನೀನೇ ಅಳೆದು ಬಾರಯ್ಯ," ಎಂದರು. ಅವನು ಮೂರನ್ನು ಅಳೆದ. ಹನ್ನೆರಡನೆಯದು ಮುಳ್ಳುಬೇಲಿಯ ಕುರಿ ರೊಪ್ಪದೊಳಗಿತ್ತು. ಒಳಗೆ ಹೋಗಲಿಲ್ಲ. ಬೇಲಿಯ ಆಚೆಯಿಂದ ನೋಡಿ ನಾಲ್ಕು ಅಡಿ ಎರಡು ಇಂಚು ಎಂದು ಬರೆದುಕೊಂಡ. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿಬಿಡಬೇಕು ಅಂದುಕೊಂಡಿದ್ದ. ದಾವಣಗೆರೆ ಮುಟ್ಟುವ ಹೊತ್ತಿಗೆ ಸಾರ್ ಅವನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಆಮೇಲೆ ಅವರು ಲೈಬ್ರರಿಗೆ ಬಂದಾಗಲೆಲ್ಲ ಇವತ್ತು ಹೇಳೋಣ ಅನ್ನಿಸುತ್ತಿತ್ತು. ನಾಲ್ಕು ವರ್ಷ ಹಾಗೇ ಕಳೆಯಿತು.

ಈಗ ಹೆಸರು ಒಪ್ಪಿಕೊಂಡರೆ ಆ ಸುಳ್ಳನ್ನೂ ಒಪ್ಪಿಕೊಂಡಂತೆ. ಹೇಳಿಬಿಟ್ಟರೆ ಸಾರ್ ಪುಸ್ತಕ ಬಿಡುಗಡೆಯ ದಿನವೇ ಸುಳ್ಳಾಗುತ್ತದೆ. ಹೆದರುತ್ತಲೇ ಅವನು ಅಳತೆಗಳ ಪುಟ ತೆರೆದ. ಹನ್ನೆರಡನೇ ಕಲ್ಲು: ಮೂರು ಅಡಿ ಒಂಬತ್ತು ಇಂಚು.

ಕನ್ನಡಕ ಒರೆಸಿ ಮತ್ತೆ ನೋಡಿದ. ಎದ್ದು ವೇದಿಕೆಯ ಪಕ್ಕಕ್ಕೆ ಹೋಗಿ, "ಮೇಡಂ, ಇದು ಪ್ರೆಸ್ಸಿನವರ ತಪ್ಪಾ?" ಎಂದು ತೋರಿಸಿದ.

"ಅಲ್ಲ. ಸಾರ್ ಹಳೇದಕ್ಕೆ ಗೆರೆ ಹೊಡೆದು ಪಕ್ಕದಾಗೆ ಇದನ್ನ ಬರೆದಿದ್ರು. ಯಾಕೆ?"

"ಏನಿಲ್ಲ," ಎಂದ. ಪುಟದ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿತ್ತು: ಕೊನೆಯ ನಾಲ್ಕು ಕಲ್ಲುಗಳನ್ನು ಅಳೆದವರು ಓಂಕಾರ್.

ಹಾಗಾದರೆ ಸಾರ್‌ಗೆ ಗೊತ್ತಾಗಿತ್ತು. ತಾವೇ ಹೋಗಿ ಅಳೆದು ಬಂದಿದ್ದರು. ಅವನನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳದೆ, ಅವನು ಮಾಡದ ಕೆಲಸವನ್ನು ಅವನ ಹೆಸರಿಗೆ ಬರೆದಿದ್ದರು. ಪ್ರೀತಿಯಿಂದಲೋ? ಇಲ್ಲವೇ ಒಂದಲ್ಲ ಒಂದು ದಿನ ನಾಲ್ಕು ಜನರ ಮುಂದೆ ಇವನೇ ಬಾಯಿ ಬಿಡಲಿ ಅಂತಲೋ? ಅವನಿಗೆ ತಿಳಿಯಲಿಲ್ಲ. ಈಗ ನಿಜ ಹೇಳಿದರೆ ಸುಳ್ಳು ಬರೆದವರು ಸಾರ್ ಆಗುತ್ತಾರೆ.

"ಲೇಖನದ ಸಹಲೇಖಕರು, ಶ್ರೀ ಓಂಕಾರ್," ಎಂದು ಮೈಕಿನಲ್ಲಿ ಕರೆದರು.

ಅವನು ಮೈಕಿನ ಮುಂದೆ ನಿಂತ. ಬರೆದುಕೊಂಡು ಬಂದ ಚೀಟಿ ಏನೂ ಇರಲಿಲ್ಲ. "ಹನ್ನೆರಡನೇ ಕಲ್ಲು ನಾನು ಅಳೆದಿಲ್ಲ," ಎಂದ. "ರೊಪ್ಪದಾಗೆ ಒಂದು ದೊಡ್ಡ ನಾಯಿ ಇತ್ತು. ಹೆದರಿಕೊಂಡು ಹೊರಗೇ ನಿಂತು ಅಂದಾಜಿನ ಮೇಲೆ ಬರ್ಕಂಡು ಬಂದೆ. ಪುಸ್ತಕದಾಗಿರೋದು ಸಾರ್ ಅಳತೆ. ನನ್ನ ಹೆಸರು ಇಲ್ಲಿ ಇರಬಾರದು." ಇನ್ನೂ ಏನೋ ಹೇಳಬೇಕಿತ್ತು.

"ನೋಡ್ರಪ್ಪ, ವಿನಯ ಅಂದ್ರೆ ಇದು!" ಎಂದು ಜಯಪ್ಪ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಸಭೆಯೆಲ್ಲ ತಟ್ಟಿತು. "ಅಲ್ಲ, ನಿಜವಾಗ್ಲೂ..." ಎಂದದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಸಾರ್ ಹೆಂಡತಿ ಲಕ್ಷ್ಮಕ್ಕ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವನು ಕೆಳಗಿಳಿದಾಗ ಪಕ್ಕದ ಕುರ್ಚಿ ತೋರಿಸಿದರು. ಕೂತ.

"ಆವತ್ತೊಂದಿನ ಒಬ್ರೇ ಜಗಳೂರಿಗೆ ಹೋಗಿ ಪ್ಯಾಂಟು ಹರ್ಕಂಡು ಬಂದಿದ್ರು," ಎಂದರು, ಅವನಿಗಷ್ಟೇ ಕೇಳುವಂತೆ. "ಮೀನಖಂಡದಾಗೆ ನಾಯಿ ಹಲ್ಲು. ಅಲ್ಯಾಕೆ ಹೋಗಿದ್ರಿ ಅಂದ್ರೆ ಬಾಯಿ ಬಿಡಲಿಲ್ಲ."

"ಅಮ್ಮಾ..."

ಅವರು ಅವನ ಮುಖವನ್ನೇ ನೋಡಿದರು. ಸಿಟ್ಟೋ ನಗುವೋ ಗೊತ್ತಾಗಲಿಲ್ಲ.

"ಐದು ಇಂಜೆಕ್ಷನ್ ಚುಚ್ಚಿಸ್ಕಂಡ್ರಲ್ಲೋ ಓಂಕಾರ. ಆ ಕಲ್ಲಿಗೋಸ್ಕರನಾ, ನಿನಗೋಸ್ಕರನಾ?"