ಡಬ್ಬದ ಮೇಲಿನ ಹೆಸರು

ಮಗುವನ್ನು ತಾಯಿಯ ಹತ್ತಿರವೇ ಬಿಡಬೇಕೋ, ಬೇರೆಯವರ ಆರೈಕೆಗೆ ಒಪ್ಪಿಸಬೇಕೋ ಎಂದು ನೋಡಲು ಮಕ್ಕಳ ಇಲಾಖೆಯ ಅಧಿಕಾರಿ ಎರಡನೇ ಸಲ ಬಂದರು. ಹೋದ ಸಲ ಬರಿದಾಗಿದ್ದ ಪುಟ್ಟತಾಯಿಯ ಮನೆ ಈ ಸಲ ತುಂಬಿತ್ತು.

ಅಧಿಕಾರಿ ಅಕ್ಕಿಯ ಸ್ಟೀಲ್ ಡಬ್ಬದ ಮೇಲೆ ಕೆತ್ತಿದ್ದ ಹೆಸರು ಓದಿದರು. “ಸಾಕಮ್ಮ ಯಾರಮ್ಮಾ?”

“ಪಕ್ಕದ ಮನೆಯೋರು ಮೇಡಂ.”

“ಕೊಡದ ಮೇಲೆ ನೂರ್‌ಜಾನ್ ಅಂತಿದೆ?”

“ಎದುರು ಮನೆಯೋರು.”

“ಮಂಚ?”

ಮಂಚದ ಮೇಲೆ ಹೆಸರಿರಲಿಲ್ಲ. ಆದರೂ ಪುಟ್ಟತಾಯಿಗೆ ಸುಳ್ಳು ಬಾಯಿಗೆ ಬರಲಿಲ್ಲ. “ಹಿಂದಿನ ಮನೆ ಗೌರಕ್ಕಂದು. ಎಲ್ಲಾ ಇವತ್ತೊಂದಿನಕ್ಕೆ ಕೇಳಿ ತಂದಿದ್ದು ಮೇಡಂ.”

ಅಧಿಕಾರಿ ಹಳೆಯ ಫಾರಂ ತೆಗೆದರು. ‘ಕಷ್ಟಕ್ಕೆ ಆಗುವವರು’ ಎಂಬಲ್ಲಿ ಪುಟ್ಟತಾಯಿ ಹೋದ ಸಲ ಬರೆಸಿದ್ದ ‘ಯಾರೂ ಇಲ್ಲ’ ಎಂಬುದನ್ನು ಹೊಡೆದುಹಾಕಿ, ಮೂರೂ ಹೆಸರು ಬರೆದರು.